ವೆಸ್ಟ್‌ಮಲ್ಲೆಯ ಹೆಪ್ಪು

ಬೆಲ್ಜಿಯಂನ ಪಶ್ಚಿಮದ ಅಂಚಿನಲ್ಲಿರುವ ವೆಸ್ಟ್‌ವ್ಲೆಟೆರೆನ್ ಮಠದ ಸನ್ಯಾಸಿಗಳು ತಮ್ಮ ಬಿಯರಿಗೆ ಬೇಕಾದ ಯೀಸ್ಟನ್ನು ಆಂಟ್‌ವರ್ಪ್ ಸಮೀಪದ ವೆಸ್ಟ್‌ಮಲ್ಲೆ ಮಠದಿಂದ ತಾಜಾ ತರಿಸುತ್ತಾರೆ. ಹಾಲು ಕಾಯಿಸಿಟ್ಟು, ಹೆಪ್ಪಿಗೆಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದ ಹಾಗೆ. ಯೀಸ್ಟ್ ಒಂದೇ ಆದರೂ ವೆಸ್ಟ್‌ಮಲ್ಲೆಯ ಹೊಂಬಣ್ಣದ ಟ್ರಿಪೆಲ್ಲಿನ ರುಚಿ ಬೇರೆ, ವೆಸ್ಟ್‌ವ್ಲೆಟೆರೆನ್‌ನ ಕಡುಕಂದು ಬಿಯರಿನ ರುಚಿ ಬೇರೆ. ಮಾಲ್ಟು, ಸಕ್ಕರೆ, ಹುದುಗುವಾಗಿನ ಶಾಖ ಬದಲಾದರೆ ಯೀಸ್ಟಿನ ನಡತೆಯೂ ಬದಲಾಗುತ್ತದೆ.

ಈ ಬಿಯರುಗಳಲ್ಲಿ ಮೂಗಿಗೆ ಬಡಿಯುವ ಬಾಳೆಹಣ್ಣಿನ, ಲವಂಗದ ಘಮ ಬಹುಮಟ್ಟಿಗೆ ಯೀಸ್ಟಿನದೇ ಕೊಡುಗೆ. ಹಾಗಾಗಿ ಮನೆಯಲ್ಲಿ ಬಿಯರ್ ಮಾಡುವವರು ಪಾತ್ರೆಯ ತಳದ ಗಷ್ಟನ್ನು ಚೆಲ್ಲುವುದು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಕಿದ ಯೀಸ್ಟು ಅಷ್ಟರಲ್ಲಿ ಹಲವು ಪಟ್ಟು ಬೆಳೆದು ಆ ಗಷ್ಟಿನಲ್ಲೇ ಕೂತಿರುತ್ತದೆ.

ಗೆಂಟ್‌ನಲ್ಲಿರುವ ಗೆಳೆಯರೊಬ್ಬರು ಅದನ್ನು ಉಳಿಸಿಕೊಳ್ಳುವ ಬಗೆ ತೋರಿಸಿದರು. ಕುದಿಸಿ ಆರಿಸಿದ ನೀರನ್ನು ಗಷ್ಟಿಗೆ ಬೆರೆಸಿ, ಗಾಜಿನ ಜಾಡಿಗೆ ಸುರಿದು ಅರ್ಧ ಗಂಟೆ ಬಿಟ್ಟರು. ಹಾಪ್ಸಿನ ಚೂರು, ಕಂದು ಮಡ್ಡಿ ತಳಕ್ಕಿಳಿದವು. ಮೇಲೆ ಉಳಿದ, ಅಕ್ಕಿ ತೊಳೆದ ನೀರಿನಂಥದ್ದನ್ನು ಮೆಲ್ಲಗೆ ಇನ್ನೊಂದು ಜಾಡಿಗೆ ಬಗ್ಗಿಸಿದರು. ಫ್ರಿಜ್ಜಿನಲ್ಲಿ ರಾತ್ರಿ ಕಳೆಯುವುದರೊಳಗೆ ಅದರ ತಳದಲ್ಲಿ ಕೆನೆಬಿಳಿಯ ಪದರವೊಂದು ಕೂತಿತ್ತು. ಮುಚ್ಚಳ ಬಿಗಿದಿರಲಿಲ್ಲ, ಯೀಸ್ಟು ಉಸಿರಾಡುತ್ತಲೇ ಇರುತ್ತದೆ, ಬಿಗಿದರೆ ಜಾಡಿ ಸಿಡಿದೀತು.

ಮರುಬಳಕೆಯಲ್ಲಿ ನಿಜವಾದ ವಿವೇಕವಿರುವುದು ಸರದಿಯಲ್ಲಿ. ಮೊದಲು ಶೇ. 5ರ ಆಸುಪಾಸಿನ ಆಲ್ಕೋಹಾಲಿರುವ ಹಗುರ ಬಿಯರ್, ಆಮೇಲೆ ಅದಕ್ಕಿಂತ ಗಡುಸಾದ ದುಬ್ಬೆಲ್, ಕೊನೆಗೆ ಶೇ. 9ರ ಟ್ರಿಪೆಲ್. ಹಗುರ ಬಿಯರಿನಲ್ಲಿ ಬೆಳೆದ ಯೀಸ್ಟು ಕಸುವಾಗಿರುತ್ತದೆ. ಗಡುಸು ಬಿಯರಿನಲ್ಲಿ ಮೊದಲು ಅತಿಯಾದ ಸಕ್ಕರೆ, ಆಮೇಲೆ ತಾನೇ ಹುಟ್ಟಿಸಿದ ಆಲ್ಕೋಹಾಲು ಅದನ್ನು ಹಣ್ಣುಮಾಡುತ್ತವೆ. ತಾಯಿಕೋಶ ಒಂದೊಂದು ಮರಿ ಬಿಟ್ಟಾಗಲೂ ಮೈಮೇಲೆ ಒಂದು ಕಲೆ ಉಳಿಯುತ್ತದೆ. ಕಲೆ ಹೆಚ್ಚಿದಂತೆ ಅದಕ್ಕೆ ಮುಪ್ಪು. ಟ್ರಿಪೆಲ್ ಮುಗಿಸಿದ ಯೀಸ್ಟನ್ನು ಮತ್ತೆ ದುಡಿಸುವುದು ನನ್ನ ಮಟ್ಟಿಗೆ ತಪ್ಪು. ಅದನ್ನು ಬಿಟ್ಟು ಹೊಸದಾಗಿ ಶುರುಮಾಡಬೇಕು. ದೊಡ್ಡವರೂ ಹಾಗೆ ಬುಡಕ್ಕೆ ಮರಳಿದ್ದುಂಟು: ಶಿಮೇ ಬಿಯರಿನ ಸ್ಕೂರ್‌ಮಾಂಟ್ ಮಠದಲ್ಲಿ ಫಾದರ್ ಥಿಯೋಡೋರ್ 1948ರಲ್ಲಿ ತಮ್ಮ ಯೀಸ್ಟನ್ನು ಬೇರ್ಪಡಿಸಿ ಶುದ್ಧಮಾಡಿಕೊಂಡರು. ಅಲ್ಲಿ ಈಗಲೂ ಅದೇ ವಂಶ ನಡೆದಿದೆ.

ಗೆಳೆಯರ ಜಾಡಿಯ ಚೀಟಿಯಲ್ಲಿ ತಾರೀಕು, ಬಿಯರಿನ ಹೆಸರು, ಕೆಳಗೆ 'ಮೂರನೇ ತಲೆಮಾರು' ಎಂದಿತ್ತು. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಬ್ರೆಡ್ಡಿನ ಹಸಿಹಿಟ್ಟಿನ ವಾಸನೆ. ವಿನೆಗರಿನ ಹುಳಿಯೋ ರಬ್ಬರಿನ ನಾತವೋ ಬಂದಿದ್ದರೆ ಆಗಲೇ ಸಿಂಕಿಗೆ ಸುರಿಯುತ್ತಿದ್ದೆ ಎಂದು, ದುಬ್ಬೆಲ್ಲಿಗೆ ಒಲೆ ಹಚ್ಚಿದರು.