ಬ್ರೇಕ್ ಹಾಕಿದ್ರೂ ಮಾರ್ಕ್ಸ್ ಕಟ್ಟಾ?

ಕಾರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿದ್ರೂ ಅಷ್ಟೇ, ಮೂವತ್ತು ಸಾವಿರ ಓಡಿದ್ರೂ ಅಷ್ಟೇ ಇನ್ಶೂರೆನ್ಸ್. ಇದ್ಯಾವ ನ್ಯಾಯ ಸ್ವಾಮಿ? ನಮ್ಮ ಸೋಂಪುರದ ಕಡೆಯವರೊಬ್ಬರು ವಾರವೆಲ್ಲಾ ದಾಬಸ್‌ಪೇಟೆಯಲ್ಲಿ ಬಸ್ ಹತ್ತಿ ಕೆಲಸಕ್ಕೆ ಹೋಗಿ, ಭಾನುವಾರ ಮಾತ್ರ ಶಿವಗಂಗೆಗೆ ಕಾರು ತೆಗೀತಾರೆ ಅಂದ್ಕೊಳ್ಳಿ. ದಿನಾ ಹೆದ್ದಾರಿಯಲ್ಲಿ ಓಡಾಡೋರಷ್ಟೇ ಇವರೂ ಯಾಕೆ ಕಟ್ಟಬೇಕು?

ಇದಕ್ಕೊಂದು ದಾರಿ ಸಿಕ್ಕಿದ್ದು 2022ರ ಜುಲೈನಲ್ಲಿ. ವಿಮಾ ನಿಯಂತ್ರಕ ಐಆರ್‌ಡಿಎಐ ಎರಡು ಹೊಸ ಬಗೆಗೆ ಒಪ್ಪಿಗೆ ಕೊಡ್ತು. ಒಂದು, ಎಷ್ಟು ಓಡಿಸ್ತೀರೋ ಅಷ್ಟಕ್ಕೆ ದುಡ್ಡು. ಇನ್ನೊಂದು, ಹೇಗೆ ಓಡಿಸ್ತೀರೋ ಅದಕ್ಕೆ ತಕ್ಕ ದುಡ್ಡು. ಎರಡೂ ನಮ್ಮ ಗಾಡಿಗೆ ಆಗೋ ಹಾನಿಯ ಭಾಗಕ್ಕೆ ಮಾತ್ರ. ಕಾನೂನು ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ಭಾಗದ ದರವನ್ನು ಸರ್ಕಾರವೇ ನಿಗದಿ ಮಾಡುತ್ತೆ, ಅದರಲ್ಲಿ ಇಳಿಕೆ ಇಲ್ಲ.

ಮೊದಲನೆಯದಕ್ಕೆ ನನ್ನ ಪೂರ್ತಿ ಓಟು. ಎರಡನೆಯದು ಮಾತ್ರ ನಮ್ಮ ರಸ್ತೆಗಳಿಗೆ ಸರಿಹೊಂದಲ್ಲ.

ಯಾಕೆ ಅಂತೀರಾ? ಮೊಬೈಲ್‌ನಲ್ಲೋ ಕಾರಿಗೆ ಸಿಕ್ಕಿಸಿದ ಡಬ್ಬಿಯಲ್ಲೋ ಒಂದು ಆಕ್ಸೆಲೆರೋಮೀಟರ್ ಇರುತ್ತೆ. ವೇಗ ತಟ್ಟಂತ ಇಳಿದರೆ ಅದು 'ಜೋರು ಬ್ರೇಕ್' ಅಂತ ಬರ್ಕೊಳ್ಳುತ್ತೆ. ಅಮೆರಿಕದ ಪ್ರೊಗ್ರೆಸಿವ್ ಕಂಪನಿಯ ಲೆಕ್ಕದಲ್ಲಿ ಒಂದು ಸೆಕೆಂಡಿಗೆ ಗಂಟೆಗೆ 7 ಮೈಲಿಯಷ್ಟು, ಅಂದ್ರೆ ಸುಮಾರು 11 ಕಿ.ಮೀ. ವೇಗ ಇಳಿದರೆ ಸಾಕು. ಯಾಕೆ ಇಳೀತು ಅಂತ ಆ ಸೆನ್ಸರ್‌ಗೆ ಗೊತ್ತಾಗಲ್ಲ. ಕೈಗಾರಿಕಾ ಪ್ರದೇಶದಿಂದ ರಾಂಗ್ ಸೈಡಲ್ಲಿ ಬಂದ ಲಾರಿ, ಬಣ್ಣ ಬಳಿಯದ ಹಂಪು, ಅಡ್ಡ ಬಂದ ಹಸು.. ಅಲ್ಲಿ ಬ್ರೇಕ್ ಒತ್ತೋದೇ ಒಳ್ಳೆಯ ಡ್ರೈವಿಂಗ್. ಜೀವ ಉಳಿಸಿದ್ದಕ್ಕೆ ಮಾರ್ಕ್ಸ್ ಕಟ್! ಇನ್ನು ಮೊಬೈಲ್ ಜೇಬಲ್ಲಿಟ್ಕೊಂಡು ಕೆಂಪು ಬಸ್ಸು ಹತ್ತಿದ್ರೆ, ಡ್ರೈವರಣ್ಣನ ಬ್ರೇಕೂ ನಮ್ಮ ಖಾತೆಗೇ ಬಿದ್ದರೂ ಬೀಳಬಹುದು :)

ಮಧ್ಯರಾತ್ರಿ ಓಡಿಸೋದನ್ನೂ ಇಂಥ ಲೆಕ್ಕದಲ್ಲಿ ಅಪಾಯ ಅಂತ ಹಿಡೀತಾರೆ. ನೈಟ್ ಶಿಫ್ಟ್ ಮುಗಿಸಿ ಮನೆಗೆ ಹೋಗೋ ಫ್ಯಾಕ್ಟರಿಯವನು ಶೋಕಿಗೆ ಓಡಿಸ್ತಾನಾ?

"ಸಾವಿರಾರು ಕಿ.ಮೀ. ಸರಾಸರಿ ತಗೊಂಡ್ರೆ ಇದೆಲ್ಲಾ ಸರಿಹೋಗುತ್ತೆ, ಜಾಸ್ತಿ ಬ್ರೇಕ್ ಹಾಕೋನಿಗೆ ಅಪಘಾತವೂ ಜಾಸ್ತಿ" ಅಂತ ವಾದಿಸೋರಿದ್ದಾರೆ. ಇರಬಹುದು. ಆದ್ರೆ ಅದು ನನ್ನ ಅಭ್ಯಾಸದ ಅಪಾಯ ಅಲ್ಲ, ನನ್ನ ಊರಿನ ರಸ್ತೆಯ ಅಪಾಯ. ನಾನು ತಿದ್ದಿಕೊಂಡ್ರೆ ಪ್ರೀಮಿಯಂ ಇಳಿಯುತ್ತೆ ಅನ್ನೋದು ತಾನೇ ಇವರ ಮಾತು? ಲಾರಿಯವನನ್ನು ನಾನು ಹೇಗೆ ತಿದ್ದಲಿ!

ಇನ್ನೊಂದು ಚಿಂತೆ, ಆ ಡೇಟಾ ಎಲ್ಲಿಗೆ ಹೋಗುತ್ತೆ ಅನ್ನೋದು. ಜನರಲ್ ಮೋಟರ್ಸ್ ತನ್ನ ಕಾರುಗಳ ಡ್ರೈವಿಂಗ್ ಮಾಹಿತಿಯನ್ನು ಡೇಟಾ ಕಂಪನಿಗಳಿಗೆ ಕೊಡ್ತಿತ್ತು, ಅಲ್ಲಿಂದ ಅದು ವಿಮಾ ಕಂಪನಿಗಳ ಕೈಗೆ ಸೇರ್ತಿತ್ತು ಅಂತ ಅಮೆರಿಕದಲ್ಲಿ 2024ರಲ್ಲಿ ಬಯಲಾಯ್ತು. ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲೇ. ಅಂಥ ಹಕ್ಕನ್ನು ಕೆಲವು ನೂರು ರೂಪಾಯಿ ಡಿಸ್ಕೌಂಟಿಗೆ 'ಐ ಅಗ್ರೀ' ಒತ್ತಿ ಬಿಟ್ಕೊಡೋದಾ?

ಕಿ.ಮೀ. ಎಣಿಸೋಕೆ ಉಪಗ್ರಹ ಬೇಕಿಲ್ಲ, ಡ್ಯಾಶ್‌ಬೋರ್ಡಲ್ಲೇ ಓಡೋಮೀಟರ್ ಇದೆ. ವರ್ಷದ ಮೊದಲು ಒಂದು ಫೋಟೋ, ಕೊನೆಗೊಂದು ಫೋಟೋ. ಲೆಕ್ಕ ಚುಕ್ತಾ. ನಾನು ಶಿವಗಂಗೆಗೆ ಹೋದ್ನೋ, ಆಸ್ಪತ್ರೆಗೆ ಹೋದ್ನೋ, ಎಷ್ಟು ಹೊತ್ತಿಗೆ ಮನೆ ಸೇರಿದ್ನೋ ಅನ್ನೋದು ಅವರಿಗೆ ಬೇಡದ ವಿಷಯ.

ಪಾಲಿಸಿ ರಿನ್ಯೂ ಮಾಡೋವಾಗ ಏಜೆಂಟರನ್ನು ಇದೊಂದು ಕೇಳಿ ನೋಡಿ: ಎಷ್ಟು ಓಡಿಸ್ತೀನಿ ಅಂತ ಎಣಿಸ್ತೀರೋ, ಎಲ್ಲಿ ಹೇಗೆ ಓಡಿಸ್ತೀನಿ ಅಂತ ನೋಡ್ತೀರೋ? ಉತ್ತರ ಎರಡನೆಯದಾದ್ರೆ ನಾನಂತೂ ಸಹಿ ಹಾಕಲ್ಲ. ನೀವೇನಂತೀರಿ?