ಬುಧವಾರ ರಾತ್ರಿ ಎಂಟಕ್ಕೆ ಮಂಗಳೂರು ತೆರೆದಿರುತ್ತದೆ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರು ನಿಮ್ಮ ಪರಿಚಯದಲ್ಲಿ ಒಬ್ಬರಾದರೂ ಇರಬಹುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್ ಎಂಬ ಹೆಸರುಗಳನ್ನಾದರೂ ಕೇಳಿರುತ್ತೀರಿ. ಇವರ ನಡುವೆ ಇನ್ನೊಂದು ಸಣ್ಣ ಪಂಗಡವಿದೆ. ಇವರು ಹಾರಿಸುವುದಕ್ಕಿಂತ ಹೆಚ್ಚಾಗಿ ಬೇರೆಯವರು ಹಾರಿಸುವ ವಿಮಾನಗಳಿಗೆ ದಾರಿ ಹೇಳುತ್ತಾರೆ. ಕಪ್ಪು ಪರದೆಯ ಮೇಲೆ ಚುಕ್ಕೆಗಳು, ತಲೆಗೆ ಹೆಡ್‌ಸೆಟ್ಟು, ಪಕ್ಕದಲ್ಲಿ ಆರಿದ ಕಾಫಿ. ನಾನು ಆ ಪಂಗಡದವನು. ಇಷ್ಟು ತಿಂಗಳು ಪುಣೆಯ ರಸ್ತೆ ಟ್ರಾಫಿಕ್ಕಿನ ಬಗ್ಗೆ ಗೊಣಗಿದ್ದಾಯಿತು, ಈ ಸಲ ಮೇಲಿನ ಟ್ರಾಫಿಕ್ಕಿನ ವಿಷಯ.

ಇಂಥ ಆಟಕ್ಕೆಂದೇ ಜಾಗತಿಕ ಜಾಲಗಳಿವೆ. 1997ರಲ್ಲಿ ಸಾಟ್ಕೋ ಎಂಬುದು ಶುರುವಾಯಿತು. ಅದರಿಂದ ಒಡೆದು 1998ರಲ್ಲಿ ಐವಾವೋ, 2001ರಲ್ಲಿ ವ್ಯಾಟ್ಸಿಮ್ ಬಂದವು. ಈ ಎರಡೂ ಇಂದಿಗೂ ನಡೆಯುತ್ತಿವೆ, ಎರಡೂ ಉಚಿತ, ಎರಡರಲ್ಲೂ ಸ್ವಯಂಸೇವಕರದೇ ದುಡಿಮೆ. ನಾನು ಕೂರುವುದು ವ್ಯಾಟ್ಸಿಮ್‌ನಲ್ಲಿ. 13 ವರ್ಷ ತುಂಬಿದ ಯಾರು ಬೇಕಾದರೂ ಸೇರಬಹುದು. ಪೈಲಟ್ ಆಗುವುದು ಸುಲಭ. ಕಂಟ್ರೋಲರ್ ಆಗಲು ಮಾತ್ರ ಪಾಠ, ಅಭ್ಯಾಸ, ಪರೀಕ್ಷೆ ಎಲ್ಲ ಉಂಟು. ಎಸ್1 ಪಾಸಾದರೆ ನೆಲದ ಮೇಲೆ ಓಡಾಡುವ ವಿಮಾನಗಳು ನಿಮ್ಮವು. ಎಸ್2ಗೆ ಟವರ್, ಅಂದರೆ ರನ್‌ವೇ. ಎಸ್3ಗೆ ಅಪ್ರೋಚ್, ಅಂದರೆ ನಿಲ್ದಾಣದ ಸುತ್ತಲ ಆಕಾಶ. ಸಿ1 ಆದರೆ ಸೆಂಟರ್, ಒಂದೊಂದು ದೇಶದಷ್ಟು ಅಗಲದ ಮೇಲಾಕಾಶ.

ಭಾರತದ ಆಕಾಶವನ್ನು ಮುಖ್ಯವಾಗಿ ನಾಲ್ಕು ಎಫ್‌ಐಆರ್‌ಗಳಾಗಿ ಹಂಚಿದ್ದಾರೆ: ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ. ಪೊಲೀಸ್ ಠಾಣೆಯ ಎಫ್‌ಐಆರ್ ಅಲ್ಲ, ಇದು ಫ್ಲೈಟ್ ಇನ್ಫರ್ಮೇಶನ್ ರೀಜನ್. ಬೆಂಗಳೂರು, ಹೈದರಾಬಾದು, ಮಂಗಳೂರು ಚೆನ್ನೈ ಪಾಲಿಗೆ ಬಂದರೆ ಪುಣೆ ಮುಂಬೈ ಪಾಲಿಗೆ. ಹೀಗಾಗಿ ಪುಣೆಯಿಂದ ಮಂಗಳೂರಿಗೆ ಹೊರಟ ವಿಮಾನ ನಡುದಾರಿಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ. ಜಾಲದಲ್ಲೂ ಇದೇ ನಕ್ಷೆ.

ಇಲ್ಲೊಂದು ನಿಯಮವಿದೆ, ನಾನು ಹೇಳಹೊರಟದ್ದಕ್ಕೆ ಅದೇ ಬುನಾದಿ. ಮೇಲಿನ ಹುದ್ದೆಯಲ್ಲಿ ಕೂತವನು ಕೆಳಗಿನ ಖಾಲಿ ಹುದ್ದೆಗಳನ್ನೂ ನೋಡಿಕೊಳ್ಳಬೇಕು. ಚೆನ್ನೈ ಸೆಂಟರಿನಲ್ಲಿ ಒಬ್ಬನಿದ್ದು ಮಂಗಳೂರು ಟವರಿನಲ್ಲಿ ಯಾರೂ ಇಲ್ಲದಿದ್ದರೆ, ಬಜ್ಪೆಯ ಗುಡ್ಡದ ಮೇಲಿನ ಆ ರನ್‌ವೇಗೆ ಇಳಿಯಲು ಅನುಮತಿ ಕೊಡುವವನೂ ಆ ಸೆಂಟರಿನವನೇ. ಅವನೂ ಇಲ್ಲವೆಂದರೆ ಪೈಲಟ್‌ಗಳು 122.800 ಎಂಬ ಸಾಮಾನ್ಯ ತರಂಗಕ್ಕೆ ಹೋಗಿ ‘ನಾನು ಇಳಿಯುತ್ತಿದ್ದೇನೆ’ ಎಂದು ತಾವೇ ಹೇಳಿಕೊಂಡು ಇಳಿಯುತ್ತಾರೆ. ದೊಡ್ಡ ಊರಿನ ಟವರಿಗೆ ಯಾರಾದರೂ ಕೂರುತ್ತಾರೆ, ಅಲ್ಲಿ ಮಜಾ ಇದೆ. ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಂಥ ಊರುಗಳ ಟವರಿಗೆಂದೇ ಕೂರುವವರು ಅಪರೂಪ. ಸೆಂಟರಿನವನು ಎಚ್ಚರವಿದ್ದರೆ ಆ ಊರುಗಳೂ ಎಚ್ಚರ, ಅವನು ಮಲಗಿದರೆ ಅವೂ ಮಲಗಿದವು.

ಈಗ ಗಡಿಯಾರದ ಕಥೆಗೆ ಬರೋಣ. ವಾಯುಯಾನದಲ್ಲಿ ಎಲ್ಲರೂ ಪಾಲಿಸುವುದು ಯುಟಿಸಿ ಸಮಯ, ಆಡುಮಾತಿನಲ್ಲಿ ‘ಜುಲು’. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯೂರೋಪಿನಲ್ಲಿ ಜನ ಕೆಲಸ ಮುಗಿಸಿ, ಊಟ ಮಾಡಿ ಸಿಮ್ಯುಲೇಟರ್ ತೆರೆಯುವುದು ಅವರ ಸಂಜೆ ಏಳರಿಂದ ಹತ್ತರೊಳಗೆ. ಜರ್ಮನಿ, ಫ್ರಾನ್ಸಿನ ಚಳಿಗಾಲದ ಲೆಕ್ಕದಲ್ಲಿ ಅದು ನಮಗೆ ರಾತ್ರಿ ಹನ್ನೊಂದೂವರೆಯಿಂದ ಎರಡೂವರೆ. ಅವರಲ್ಲೊಬ್ಬ 18 ಜುಲುಗೆ ಲಂಡನ್ನಿನಿಂದ ಮುಂಬೈಗೆ ಹೊರಟ ಅನ್ನಿ. ಅಲ್ಲಿ ಅವನಿಗೆ ಡೆಲಿವರಿ, ಗ್ರೌಂಡ್, ಟವರ್ ಎಂದು ಸಾಲಾಗಿ ಜನ ಸಿಗುತ್ತಾರೆ. ಸುಮಾರು ಒಂಬತ್ತು ಗಂಟೆ ಹಾರಿ ಅವನು ಮುಂಬೈ ಮುಟ್ಟುವಾಗ ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ. ನಾನಾಗ ಹಿಂಜೆವಾಡಿಯ ದಾರಿಯಲ್ಲಿ ಕ್ಯಾಬಿನೊಳಗೆ ಸಿಕ್ಕಿಹಾಕಿಕೊಂಡಿರುತ್ತೇನೆ. ಮದುವೆ ಮನೆಯಿಂದ ಮೆರವಣಿಗೆಯಲ್ಲಿ ಹೊರಟವನು ನಿರ್ಜನ ಬಸ್‌ಸ್ಟ್ಯಾಂಡಿಗೆ ಬಂದಿಳಿದ ಹಾಗೆ.

ಇದನ್ನು ಸರಿಮಾಡಲು ಎಲ್ಲ ಕಡೆ ಮಾಡುವ ಉಪಾಯ ಈವೆಂಟು. ವರ್ಷಕ್ಕೆರಡು ಸಲ ನಡೆಯುವ ‘ಕ್ರಾಸ್ ದಿ ಪಾಂಡ್’ನಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳು ಎಷ್ಟೆಂದರೆ, ಹೊರಡಲು ಮುಂಚಿತವಾಗಿ ಸ್ಲಾಟ್ ಪಡೆಯಬೇಕು. ನಮ್ಮಲ್ಲೂ ಸಣ್ಣ ಪ್ರಮಾಣದಲ್ಲಿ ಈವೆಂಟ್‌ಗಳಾಗುತ್ತವೆ. ಪೋಸ್ಟರ್ ಅಂಟಿಸುವುದು ಸುಲಭದ ಕೆಲಸ, ಕಷ್ಟವಿರುವುದು ಅದರ ಹಿಂದಿನ ಎಕ್ಸೆಲ್ ಹಾಳೆಯಲ್ಲಿ.

ಆ ಹಾಳೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ರಾತ್ರಿ ಎಂಟರಿಂದ ಹನ್ನೆರಡು, ಅಂದರೆ 1430ರಿಂದ 1830 ಜುಲು. ಆರು ಹುದ್ದೆ, ಅದರಲ್ಲಿ ಮುಂಬೈ ಮತ್ತು ಚೆನ್ನೈ ಸೆಂಟರ್ ಎರಡು. ಒಬ್ಬರು ಸತತ ಎರಡು ಗಂಟೆಗಿಂತ ಹೆಚ್ಚು ಕೂರಬಾರದೆಂಬುದು ನಾವು ಕೆಲವರು ಇಟ್ಟುಕೊಂಡ ಕಟ್ಟಳೆ. ಒಟ್ಟು 24 ಗಂಟೆಯ ಕೆಲಸವಾಯಿತು. ಕೆಳಗಿನ ಹುದ್ದೆಗಳಿಗೆ ಜನ ಸಿಗುತ್ತಾರೆ, ಸಂಕಟವಿರುವುದು ಸೆಂಟರಿನಲ್ಲಿ. ಎರಡು ಸೆಂಟರ್, ನಾಲ್ಕು ಗಂಟೆ, ಎಂಟು ಪಾಳಿ, ಎಲ್ಲಕ್ಕೂ ಸಿ1 ಆದವರೇ ಬೇಕು. ಮೂವರಿದ್ದರೆ ಸಾಕು: ಮೊದಲನೆಯವನು ಒಂದು, ಎರಡು, ನಾಲ್ಕನೇ ಗಂಟೆ, ಎರಡನೆಯವನು ಒಂದು, ಮೂರು, ನಾಲ್ಕು, ಮೂರನೆಯವನು ನಡುವಿನ ಎರಡು. ಬರೆದು ನೋಡಿ, ಸರಿಯಾಗಿ ಕೂರುತ್ತದೆ. ಆದರೆ ಮೂವರಲ್ಲಿ ಒಬ್ಬ ಸಂಜೆ ಆರಕ್ಕೆ ‘ಮಗುವಿಗೆ ಜ್ವರ’ ಅಂದನೋ, ಉಳಿದಿಬ್ಬರು ನಾಲ್ಕು ಗಂಟೆ ಕುರ್ಚಿ ಬಿಟ್ಟು ಏಳುವಂತಿಲ್ಲ.

ಸಾಫ್ಟ್‌ವೇರಿನವನಲ್ಲವೇ, ಇದಕ್ಕೊಂದು ಪ್ರೋಗ್ರಾಂ ಬರೆದುಬಿಡು ಎಂದು ಸ್ನೇಹಿತರು ಹೇಳುತ್ತಾರೆ. ಬರೆಯಬಹುದು, ಅರ್ಧ ದಿನದ ಕೆಲಸ. ಯಾರು ಯಾವ ಗಂಟೆಗೆ ಕೂರಬಹುದು ಎಂದು ಅದು ಹೇಳುತ್ತದೆ. ಅವರು ಬಂದು ಕೂರುತ್ತಾರೋ ಇಲ್ಲವೋ ಅದಕ್ಕೇನು ಗೊತ್ತು? ಆಫೀಸಿನ ಆನ್-ಕಾಲ್ ಪಾಳಿಗೆ ಸಂಬಳವಿದೆ, ಮ್ಯಾನೇಜರಿದ್ದಾನೆ, ಫೋನ್ ಎತ್ತದಿದ್ದರೆ ಮರುದಿನ ಮೀಟಿಂಗಿದೆ. ಇಲ್ಲಿ ಏನೂ ಇಲ್ಲ. ಅಮ್ಮ ಪುಣೆಗೆ ಬಂದಿದ್ದಾಗ ನಾಲ್ಕು ದಿನ ಗಮನಿಸಿ ಕೊನೆಗೆ ಕೇಳಿದಳು.

“ಅಲ್ಲ ಮಾರಾಯ, ರಾತ್ರಿ ಹೊತ್ತು ಯಾರ ಹತ್ರ ಅಷ್ಟು ಇಂಗ್ಲಿಷು ಮಾತಾಡ್ತಿ? ಎಕ್ಸ್‌ಟ್ರಾ ಸಂಬಳ ಉಂಟಾ?”

“ಇಲ್ಲಮ್ಮ, ಪುಕ್ಕಟೆ.”

“ಹೋಗದಿದ್ರೆ ಯಾರಾದ್ರೂ ಬೈತಾರಾ?”

“ಇಲ್ಲ.”

“ಮತ್ತೆಂತಕ್ಕೆ ಊಟ ಅರ್ಧಕ್ಕೆ ಬಿಟ್ಟು ಓಡುದು?”

ಆಗ ನಾನು ಏನೋ ಹೇಳಿ ನಕ್ಕುಬಿಟ್ಟೆ. ಅವಳಿಗೆ ಅರ್ಥವಾಗುವ ಉತ್ತರ ನಮ್ಮೂರಿನ ನೈಟ್ ಹಾಲ್ಟ್ ಬಸ್ಸಿನಲ್ಲೇ ಇದೆ. ಪೇಟೆಯಿಂದ ಸಂಜೆ ಹೊರಟು ಊರಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಆರೂವರೆಗೆ ಮರಳುವ ಬಸ್ಸು. ಹತ್ತು ಜನರಿರಲಿ, ಇಬ್ಬರಿರಲಿ, ಅದು ಬರುತ್ತಿತ್ತು. ಬರುತ್ತದೆಂದು ಗೊತ್ತಿದ್ದಕ್ಕೇ ಜನ ಪೇಟೆಯ ಕೆಲಸವನ್ನು ಆ ಹೊತ್ತಿಗೆ ಹೊಂದಿಸಿಕೊಳ್ಳುತ್ತಿದ್ದರು. ಜಾತ್ರೆಗೆ ಬಿಡುವ ಸ್ಪೆಷಲ್ ಬಸ್ಸುಗಳಿಂದ ಊರಿನ ಸಂಚಾರ ಬೆಳೆಯಲಿಲ್ಲ. ಈವೆಂಟ್‌ಗಳೆಂದರೆ ಆ ಸ್ಪೆಷಲ್ ಬಸ್ಸುಗಳು. ನಾಲ್ಕು ಗಂಟೆ ಮುಂಬೈಯಲ್ಲಿ ನೂಕುನುಗ್ಗಲು, ಮರುದಿನ ಮತ್ತದೇ ಮೌನ. ಜನ ಕಡಿಮೆಯಾದಾಗ ಹಾಳೆಯಿಂದ ಮೊದಲು ಹೊಡೆದುಹಾಕುವುದೂ ಸಣ್ಣ ಊರನ್ನೇ.

ಅದಕ್ಕೇ ನಾನು ದೊಡ್ಡ ಈವೆಂಟಿಗೆ ಕರೆದರೆ ಒಮ್ಮೊಮ್ಮೆ ಒಲ್ಲೆ ಎನ್ನುತ್ತೇನೆ, ಬುಧವಾರ ಮಾತ್ರ ಬಿಡುವುದಿಲ್ಲ. ಬುಧವಾರ ರಾತ್ರಿ ಎಂಟರಿಂದ ಹತ್ತು ಚೆನ್ನೈ ಸೆಂಟರ್, ಅದರಡಿಯಲ್ಲಿ ಮಂಗಳೂರು. ವಾರ ಮೊದಲೇ ಬುಕಿಂಗ್ ಹಾಕುತ್ತೇನೆ, ಪೈಲಟ್‌ಗಳಿಗೆ ಕಾಣುತ್ತದೆ. ಶುರುವಿನ ವಾರಗಳಲ್ಲಿ ಎರಡು ಗಂಟೆಗೆ ಮೂರು ವಿಮಾನ ಬಂದರೆ ಹೆಚ್ಚು. ಮೆಲ್ಲಗೆ ಕೆಲವರು ಆ ಹೊತ್ತಿಗೇ ಬರತೊಡಗಿದರು. ಬೆಂಗಳೂರಿನಿಂದ ಎಟಿಆರ್ 72ರಲ್ಲಿ ಒಂದು ಗಂಟೆಯ ಹಾರಾಟ ಮುಗಿಸಿ ಮಲಗುವವರು, ಮಂಗಳೂರಿಗೆ ಇಳಿದು ಕತ್ತಲಲ್ಲೇ ಮತ್ತೆ ಏರುವವರು. ಒಬ್ಬರಂತೂ ದುಬೈಯಿಂದ ಹೊರಟು ಸರಿಯಾಗಿ ಒಂಬತ್ತೂಕಾಲಿಗೆ ನನ್ನ ಗಡಿಗೆ ಬಂದು ‘ಗುಡ್ ಈವ್ನಿಂಗ್’ ಹೇಳುತ್ತಾರೆ. ದನಿಯಲ್ಲಿ ಕರಾವಳಿಯ ಎಳೆ ಇದೆ. ತರಂಗದಲ್ಲಿ ಇಂಗ್ಲಿಷೇ ನಡೆಯುವುದರಿಂದ ನಾವಿಬ್ಬರೂ ಈವರೆಗೆ ಕನ್ನಡ ಮಾತಾಡಿಲ್ಲ.

ಎರಡು ಗಂಟೆಯ ಕಟ್ಟಳೆಯ ಬಗ್ಗೆ ಹೊಸಬರು ಆಗಾಗ ಚಕಾರ ಎತ್ತುತ್ತಾರೆ. ಆಟಕ್ಕೆ ಇದೆಲ್ಲ ಯಾಕೆ, ನಾನು ಐದು ಗಂಟೆ ಕೂರಬಲ್ಲೆ ಎಂದು. ಕಟ್ಟಳೆ ನಮ್ಮ ಕಲ್ಪನೆಯದಲ್ಲ. ಬ್ರಿಟನ್ನಿನ ನಿಜವಾದ ಕಂಟ್ರೋಲರ್‌ಗಳ ನಿಯಮದಲ್ಲಿ ಎರಡು ಗಂಟೆಯ ಕೆಲಸಕ್ಕೆ ಅರ್ಧ ಗಂಟೆಯ ವಿರಾಮ ಕಡ್ಡಾಯ. 2011ರ ಮಾರ್ಚ್ 23ರ ನಡುರಾತ್ರಿ ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಟವರ್ ಕರೆಗಳಿಗೆ ಉತ್ತರಿಸಲೇ ಇಲ್ಲ. ಒಳಗೆ ಒಬ್ಬನೇ ಇದ್ದ, ಸತತ ನಾಲ್ಕನೇ ರಾತ್ರಿ ಪಾಳಿ, ನಿದ್ದೆ ಹೋಗಿದ್ದ. ಎರಡು ಪ್ರಯಾಣಿಕ ವಿಮಾನಗಳು ತಾವೇ ಹೇಳಿಕೊಂಡು ಇಳಿದವು, ನಮ್ಮ 122.800ರಲ್ಲಿ ಮಾಡುವಂತೆಯೇ. ಅದಾದ ಮೇಲೆ ಅಮೆರಿಕದಲ್ಲಿ ರಾತ್ರಿ ಒಬ್ಬರನ್ನೇ ಕೂರಿಸುತ್ತಿದ್ದ 27 ಟವರುಗಳಿಗೆ ಎರಡನೆಯವರನ್ನು ಹಾಕಿದರು.

ಅಲ್ಲಿ ಯಾರಿಗೂ ಏನೂ ಆಗಲಿಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್‌ಲಿಂಗನ್ ಮೇಲೆ ಹಾಗಾಗಲಿಲ್ಲ. ಆ ಆಕಾಶ ಜ್ಯೂರಿಕ್ ಕೇಂದ್ರದ ಪಾಲಿನದು. ಪಾಳಿಯಲ್ಲಿದ್ದವರು ಇಬ್ಬರು. ಟ್ರಾಫಿಕ್ ಇಳಿದಾಗ ಒಬ್ಬರು ವಿರಮಿಸಲು ಹೋಗುವುದು ಅಲ್ಲಿ ವರ್ಷಗಳಿಂದ ನಡೆದುಬಂದ ರೂಢಿ, ಮೇಲಿನವರಿಗೂ ಗೊತ್ತಿತ್ತು. ಉಳಿದವನೊಬ್ಬ ಎರಡು ಪರದೆಗಳನ್ನು ನೋಡುತ್ತಿದ್ದ. ಆ ರಾತ್ರಿ ಉಪಕರಣಗಳ ದುರಸ್ತಿ ನಡೆದಿದ್ದರಿಂದ ಮುಖ್ಯ ಫೋನ್ ಲೈನ್ ಇರಲಿಲ್ಲ. ತಡವಾಗಿ ಬಂದ ಒಂದು ವಿಮಾನ ಫ್ರೀಡ್ರಿಕ್ಸ್‌ಹಾಫೆನ್ ಎಂಬ ಸಣ್ಣ ನಿಲ್ದಾಣಕ್ಕೆ ಇಳಿಯಬೇಕಿತ್ತು. ಅದನ್ನು ಇಳಿಸಲು ಆ ಟವರಿಗೆ ಫೋನ್ ಹಚ್ಚುತ್ತಾ ಅವನು ಇನ್ನೊಂದು ಪರದೆಯ ಮುಂದಿದ್ದಾಗ, ಈಚೆಯ ಪರದೆಯಲ್ಲಿ ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಹತ್ತಿರವಾದವು. ಅವನು ಕೊನೆಗಳಿಗೆಯಲ್ಲಿ ಒಂದಕ್ಕೆ ‘ಇಳಿ’ ಅಂದ. ಅದರೊಳಗಿನ ಯಂತ್ರ ‘ಏರು’ ಅನ್ನುತ್ತಿತ್ತು. 71 ಮಂದಿ ಸತ್ತರು, ಬಹಳ ಜನ ಶಾಲೆಯ ಮಕ್ಕಳು. ಎರಡು ವರ್ಷದ ನಂತರ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಆ ಕಂಟ್ರೋಲರನ ಮನೆಬಾಗಿಲಿಗೆ ಹೋಗಿ ಅವನನ್ನು ಇರಿದು ಕೊಂದ.

ನಮ್ಮ ಪರದೆಯಲ್ಲಿ ಎರಡು ಚುಕ್ಕೆ ಒಂದಾದರೆ ಇಬ್ಬರು ಪೈಲಟ್‌ಗಳು ಸಿಟ್ಟಾಗಿ ಲಾಗೌಟ್ ಆಗುತ್ತಾರೆ, ಅಷ್ಟೇ. ಹೋಲಿಕೆ ಸಲ್ಲದು, ಗೊತ್ತು. ಆದರೂ ಮೇಲಿನವನು ಕೆಳಗಿನದನ್ನೆಲ್ಲ ನೋಡಿಕೊಳ್ಳಬೇಕೆಂಬ ನಮ್ಮ ನಿಯಮವನ್ನು ಹೊಸಬರಿಗೆ ಹೇಳಿಕೊಡುವಾಗ ಆ ಎರಡು ಪರದೆಗಳ ಕಥೆಯನ್ನು ಮೊದಲು ಹೇಳುತ್ತೇನೆ. ಒಬ್ಬನಿಗೆ ಆಗುವಷ್ಟನ್ನೇ ತೆರೆ. ಮಂಗಳೂರಿಗೆ ಎರಡು ವಿಮಾನ ಸಾಲಿನಲ್ಲಿದ್ದು ಬೆಂಗಳೂರಿನ ಮೇಲೆ ಆರು ಸುತ್ತುತ್ತಿದ್ದರೆ, ಹೊಸದಾಗಿ ಹೊರಡುವವನಿಗೆ ‘ಹತ್ತು ನಿಮಿಷ ಗೇಟಿನಲ್ಲೇ ಇರು’ ಅನ್ನು. ಬೈದರೆ ಬೈಯಲಿ. ಪಾಳಿ ಬದಲಿಸುವಾಗ ಬರುವವನು ಐದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಲಿ. ಯಾವ ವಿಮಾನ ಎಷ್ಟು ಎತ್ತರದಲ್ಲಿದೆ, ಯಾರಿಗೆ ಏನು ಮಾತು ಕೊಟ್ಟಿದ್ದೇನೆ ಎಂದು ಒಪ್ಪಿಸಿದ ಮೇಲೆಯೇ ಎದ್ದೇಳು. ಆಫೀಸಿನಲ್ಲಿ ಶುಕ್ರವಾರ ಸಂಜೆ ನಡೆಯುವ ಹ್ಯಾಂಡೋವರ್‌ಗಳನ್ನು ನೋಡಿದ ನನಗೆ, ಹದಿನಾರರ ಹುಡುಗರು ಇದನ್ನು ಅಚ್ಚುಕಟ್ಟಾಗಿ ಮಾಡುವುದು ಕಂಡರೆ ಸಣ್ಣ ಹೊಟ್ಟೆಕಿಚ್ಚು.

ಹುಡುಗರು ಅಂದಾಗ ನೆನಪಾಯಿತು. 2020ರ ಲಾಕ್‌ಡೌನು, ಅದೇ ಆಗಸ್ಟಿನಲ್ಲಿ ಬಂದ ಮೈಕ್ರೋಸಾಫ್ಟಿನ ಹೊಸ ಸಿಮ್ಯುಲೇಟರು, ಎರಡೂ ಸೇರಿ ಈ ಹವ್ಯಾಸಕ್ಕೆ ಬಹಳ ಜನರನ್ನು ತಂದವು. ಬಂದವರಲ್ಲಿ ವಿದ್ಯಾರ್ಥಿಗಳು ಹೆಚ್ಚು. ಆದ್ದರಿಂದ ನಮ್ಮ ಹಾಳೆಗೆ ಮಳೆಗಾಲ, ಚಳಿಗಾಲ ಲೆಕ್ಕಕ್ಕಿಲ್ಲ, ಇರುವುದು ಪರೀಕ್ಷೆಯ ಕಾಲ ಒಂದೇ. ಬುಧವಾರ ನನ್ನೊಂದಿಗೆ ಬೆಂಗಳೂರು ಟವರ್ ನೋಡಿಕೊಳ್ಳುವ ಹೈದರಾಬಾದಿನ ಹುಡುಗ ಈ ಸಲ ಹನ್ನೆರಡನೇ ಕ್ಲಾಸು. ಜನವರಿಯಲ್ಲೇ ಬಂದು, “ಸರ್, ಮಾರ್ಚ್ ಮುಗಿಯೋವರೆಗೆ ನನ್ನ ಹೆಸರು ತೆಗೆದುಬಿಡಿ, ಹಾಕಿಟ್ಟು ಬರದೇ ಇರೋದು ಬೇಡ” ಎಂದ. ತೆಗೆದಿದ್ದೇನೆ. ಅಲ್ಲಿಯವರೆಗೆ ಬುಧವಾರ ಬೆಂಗಳೂರಿಗೆ ಬರುವವರು ಸ್ವಲ್ಪ ಕಾಯಬೇಕಾದೀತು. ಮಂಗಳೂರು ಎಂದಿನಂತೆ ಎಂಟಕ್ಕೆ ತೆರೆದಿರುತ್ತದೆ, ಹತ್ತಕ್ಕೆ ಮುಚ್ಚುತ್ತದೆ.