ಮಂದಣ್ಣ ಹೀಗೆ ಮಾತಾಡಲ್ಲ

ನನ್ನ ಪರಿಚಯದ ಹೆಣ್ಣುಮಗಳೊಬ್ಬರು ಎರಡು ವರ್ಷದಿಂದ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮಂದಣ್ಣನ ಮನೆಯ ಕಥೆ ಬರೆಯುತ್ತಿದ್ದಾರೆ. ಹಗಲೆಲ್ಲ ಲೆಕ್ಕಪತ್ರದ ನೌಕರಿ, ಮನೆಯಲ್ಲಿ ಶಾಲೆಗೆ ಹೋಗುವ ಮಗ. ಅವನು ಮಲಗಿ, ಅಡುಗೆಕಟ್ಟೆ ಒರೆಸಿದ ಮೇಲೆ ಸಿಗುವ ಒಂದು ಗಂಟೆ ಮಾತ್ರ ಅವರ ಪಾಲಿನದು. ಉದ್ದ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ನಡುವೆ ಗೆರೆ ಎಳೆದುಕೊಂಡಿದ್ದಾರೆ. ಎಡಗಡೆ ತೇಜಸ್ವಿಯವರ ಪುಸ್ತಕದಲ್ಲಿ ಇರುವುದು, ಬಲಗಡೆ ತಾವು ಕಟ್ಟಿದ್ದು. ಹಾರುವ ಓತಿಯನ್ನು ಹುಡುಕಿಕೊಂಡು ಮಂದಣ್ಣ ಕಾಡು ಹೊಕ್ಕಾಗ ಅವನ ಹೆಂಡತಿ ಏನು ಮಾಡುತ್ತಿದ್ದಳು, ಜೇನುಪೆಟ್ಟಿಗೆಗಳನ್ನು ಯಾರು ನೋಡಿಕೊಂಡರು ಎಂಬ ಪ್ರಶ್ನೆಯಿಂದ ಇದು ಶುರುವಾಯಿತು. ಪೆಟ್ಟಿಗೆಗೆ ಹೊಗೆ ಹಾಕಿ ಎರಿ ತೆಗೆಯುವ ಅರ್ಧ ಪುಟದ ಸನ್ನಿವೇಶಕ್ಕೆ ಹದಿನೈದು ದಿನ ಹಿಡಿಯಿತಂತೆ, ಏಕೆಂದರೆ ಅವರು ಜೇನು ಸಾಕಿದವರನ್ನು ಕೇಳದೆ ಒಂದು ಸಾಲನ್ನೂ ಬರೆಯುವವರಲ್ಲ.

ಇಂಥ ಬರಹಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಮೆಚ್ಚಿದ ಕೃತಿಯ ಪಾತ್ರಗಳನ್ನು ಎತ್ತಿಕೊಂಡು, ದುಡ್ಡಿನ ಆಸೆಯಿಲ್ಲದೆ, ಅಭಿಮಾನಿಗಳು ಅಭಿಮಾನಿಗಳಿಗಾಗಿ ಬರೆಯುವ ಕಥೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು 1967ರಲ್ಲೇ ‘ಸ್ಪಾಕನೇಲಿಯ’ ಎಂಬ ಖಾಸಗಿ ಪತ್ರಿಕೆ ತಂದಿದ್ದರು. ಇಂಥ ಬರವಣಿಗೆ ಬರೆಯುವವರ ಶಕ್ತಿಯನ್ನು ಬೆಳೆಸುತ್ತದೆಯೋ ತಿನ್ನುತ್ತದೆಯೋ, ಮೂಲ ಲೇಖಕರಿಗೆ ಗೌರವವೋ ಅನ್ಯಾಯವೋ ಎಂಬ ಬಗ್ಗೆ ಪ್ರಾಮಾಣಿಕವಾದ ಭಿನ್ನಾಭಿಪ್ರಾಯ ಇದೆ. ಎರಡೂ ಕಡೆಯವರು ಸಾಹಿತ್ಯವನ್ನು ಪ್ರೀತಿಸುವವರೇ ಆದ್ದರಿಂದ ಯಾರನ್ನೂ ಹಗುರವಾಗಿ ಕಾಣುವಂತಿಲ್ಲ.

ವಿರೋಧಿಸುವವರ ಮಾತನ್ನು ಮೊದಲು ಕೇಳೋಣ. ಒಂದು ಪಾತ್ರಕ್ಕೆ ಉಸಿರು ಬರಬೇಕಾದರೆ ಲೇಖಕರು ತಮ್ಮ ಬದುಕಿನ ಒಂದು ಭಾಗವನ್ನೇ ಅದಕ್ಕೆ ಕೊಟ್ಟಿರುತ್ತಾರೆ. ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಪಾತ್ರಗಳನ್ನು ಮಕ್ಕಳೆಂದೇ ಭಾವಿಸುವವರು. ಬರಹ ಕಲಿಯುವವರು ತಮ್ಮದೇ ಪಾತ್ರಗಳನ್ನು ಸೃಷ್ಟಿಸಿಕೊಳ್ಳಲಿ ಎಂಬುದು ಅವರ ನಿಲುವು. ಕಾದಂಬರಿಕಾರ್ತಿ ಆನ್ ರೈಸ್ ಕೂಡ ತಮ್ಮ ಪಾತ್ರಗಳನ್ನು ಯಾರೂ ಬಳಸಬಾರದೆಂದು ಬಹಿರಂಗವಾಗಿಯೇ ಕೇಳಿಕೊಂಡಿದ್ದರು. ಈ ಮಾತಿನಲ್ಲಿ ಬರೀ ಒಡೆತನದ ಹಟವಿಲ್ಲ, ಕಸುಬಿನ ಕಾಳಜಿಯೂ ಇದೆ. ಮಂದಣ್ಣ ಎಂದೊಡನೆ ಓದುಗರ ಮುಖ ಅರಳುತ್ತದೆ, ಆದರೆ ಆ ನಗುವನ್ನು ಸಂಪಾದಿಸಿದವರು ತೇಜಸ್ವಿ. ಅಪರಿಚಿತನೊಬ್ಬನನ್ನು ಮೊದಲ ಪುಟದಲ್ಲಿ ನಿಲ್ಲಿಸಿ ಓದುಗರ ನಂಬಿಕೆ ಗಳಿಸುವುದೇ ಕಥೆಗಾರಿಕೆಯ ಅತಿ ಕಷ್ಟದ ಕೆಲಸ, ಎರವಲು ಪಾತ್ರ ಹಿಡಿದವರಿಗೆ ಅದನ್ನು ಕಲಿಯುವ ಪ್ರಸಂಗವೇ ಬಾರದು.

ಇದಕ್ಕೆ ಎದುರಾಗಿ ಹೇಳುವವರು ನಮ್ಮ ಪರಂಪರೆಯನ್ನೇ ಮುಂದಿಡುತ್ತಾರೆ. ಹತ್ತನೆಯ ಶತಮಾನದ ಪಂಪ ವ್ಯಾಸರ ಅರ್ಜುನನನ್ನು ತನ್ನ ದೊರೆಯೊಂದಿಗೆ ಸಮೀಕರಿಸಿ ಬರೆದ. ಗಿರೀಶ ಕಾರ್ನಾಡರು ‘ಯಯಾತಿ’ ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದು ಇಡೀ ಕಥೆಯ ನೈತಿಕ ಭಾರವನ್ನು ಅವಳ ಪ್ರಶ್ನೆಗಳ ಮೇಲೆ ಹೇರಿದರು. ತಾಳಮದ್ದಳೆಯಲ್ಲಂತೂ ಇದು ಪ್ರತಿ ರಾತ್ರಿಯ ಅಭ್ಯಾಸ. ಪ್ರಸಂಗದ ಪದ್ಯ ಬದಲಾಗುವುದಿಲ್ಲ. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಕರ್ಣ ಏನು ಮಾತಾಡುತ್ತಾನೆ ಎಂಬುದು ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಲು ಕೂತವರಿಗೆ ಕಥೆ ಮೊದಲೇ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದರು. ಪಾತ್ರ ಎರವಲಿನದು ಎಂದ ಮಾತ್ರಕ್ಕೆ ಪ್ರತಿಭೆಯೂ ಎರವಲಿನದೆಂದು ಹೇಳಲಾಗದು.

ಈ ಹೋಲಿಕೆಗೆ ಒಂದು ಮಿತಿ ಇದೆಯೆಂಬುದನ್ನು ಒಪ್ಪಬೇಕು. ಕರ್ಣನಿಗೆ ಒಬ್ಬ ಒಡೆಯನಿಲ್ಲ, ಮಂದಣ್ಣನಿಗೆ ಇದ್ದಾರೆ. ಪುರಾಣದ ವಿಷಯದಲ್ಲೂ ಜಗಳ ತಪ್ಪಿಲ್ಲವೆಂಬುದು ಬೇರೆ ಮಾತು. ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಉಳಿಸಿದಾಗ ಮೂಲವನ್ನು ಹಾಗೆ ಬದಲಿಸುವುದಕ್ಕೆ ಮಾಸ್ತಿಯವರೇ ಆಕ್ಷೇಪಿಸಿದರು, ಕುವೆಂಪು ಅದಕ್ಕೆ ಉತ್ತರ ಬರೆದರು. ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ತೇಜಸ್ವಿ ನಿಧನರಾದದ್ದು 2007ರಲ್ಲಿ, ಅವರ ಕೃತಿಗಳಿಗೆ 2067ರ ಕೊನೆಯವರೆಗೆ ರಕ್ಷಣೆಯಿದೆ. ಅದೇ ಕಾಯ್ದೆಯಲ್ಲಿ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶವೂ ಉಂಟು. ತೋಪ್ಪಿಲ್ ಭಾಸಿಯವರ ಮಲಯಾಳಂ ನಾಟಕದ ಪಾತ್ರಗಳನ್ನೂ ಮಾತುಗಳನ್ನೂ ಎತ್ತಿಕೊಂಡು ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ಪರವಾಗಿ 1996ರಲ್ಲಿ ಕೇರಳ ಹೈಕೋರ್ಟ್ ನಿಂತದ್ದು, ಅದು ಮೂಲವನ್ನು ವಿಮರ್ಶಿಸಲು ಬರೆದದ್ದೆಂಬ ಕಾರಣಕ್ಕೆ. ಪ್ರೀತಿಯಿಂದ ಮುಂದುವರಿಸಿದ ಕಥೆಗೆ ಆ ಆಸರೆ ಅಷ್ಟಾಗಿ ಒದಗಲಾರದು ಎಂಬುದು ನನ್ನ ಅನಿಸಿಕೆ.

ಆದರೆ ಬರೆಯುವವರ ಮಟ್ಟಿಗೆ ಮುಖ್ಯ ಪ್ರಶ್ನೆ ಕೋರ್ಟಿನದಲ್ಲ, ನೋಟ್‌ಬುಕ್ಕಿನದು. ಆ ಹೆಣ್ಣುಮಗಳು ತಮ್ಮ ಕಥೆಯನ್ನು ನಾಲ್ಕೈದು ಸ್ನೇಹಿತೆಯರಿಗೆ ಓದಲು ಕೊಡುತ್ತಾರೆ. ಅವರಲ್ಲೊಬ್ಬರು ಪೆನ್ಸಿಲ್ಲಿನಲ್ಲಿ ಒಂದೇ ಸಾಲು ಬರೆದು ಹಿಂದಿರುಗಿಸಿದರು: “ಮಂದಣ್ಣ ಹೀಗೆ ಮಾತಾಡಲ್ಲ.” ಮೂರು ರಾತ್ರಿ ಕೂತು ಇವರು ಆ ಸಂಭಾಷಣೆ ತಿದ್ದಿದರು. ಮತ್ತೆ ಕಾದಂಬರಿ ತೆರೆದು ಅವನು ಎಲ್ಲೆಲ್ಲಿ ಪೂರ್ತಿ ಉತ್ತರ ಕೊಡುತ್ತಾನೆ, ಎಲ್ಲಿ ಮಾತು ತಪ್ಪಿಸುತ್ತಾನೆ ಎಂದು ಎಡಗಡೆ ಗುರುತು ಹಾಕಿಕೊಂಡರು. ಪಾತ್ರದ ಮಾತಿಗೆ ಕಿವಿಗೊಡುವ ಇಂಥ ಶಿಸ್ತು ಸ್ವಂತ ಪಾತ್ರ ಸೃಷ್ಟಿಸುವ ಹೊಸಬರಿಗೆ ಸುಲಭವಾಗಿ ದಕ್ಕದು, ಏಕೆಂದರೆ ಅವರ ಪಾತ್ರ ತಪ್ಪು ಮಾತಾಡಿದರೆ ಹಿಡಿದು ತೋರಿಸಬಲ್ಲವರು ಯಾರೂ ಇರುವುದಿಲ್ಲ. ಅಭಿಮಾನಿ ಬರಹದ ಪರವಾಗಿ ನಾನು ಕಂಡ ಅತ್ಯಂತ ಗಟ್ಟಿಯಾದ ಕಾರಣ ಇದು. ಅಭಿಮಾನಿ ಕಥೆಗಳನ್ನು ಬರೆಯುತ್ತಲೇ ಪಳಗಿದ ನವೋಮಿ ನೋವಿಕ್ ‘ಅಪ್‌ರೂಟೆಡ್’ ಕಾದಂಬರಿಗೆ ನೆಬ್ಯುಲಾ ಪ್ರಶಸ್ತಿ ಪಡೆದದ್ದನ್ನೂ ಇಲ್ಲಿ ನೆನೆಯಬಹುದು.

ಅದೇ ಪೆನ್ಸಿಲ್ ಸಾಲು ಇನ್ನೊಂದು ಬಗೆಯಲ್ಲಿ ಕಟ್ಟಿಯೂ ಹಾಕುತ್ತದೆ. ಮಂದಣ್ಣ ಬದಲಾಗುವಂತಿಲ್ಲ. ಹೆಂಡತಿಯ ಮೇಲೆ ಅವನು ನಿಜವಾಗಿ ಸಿಟ್ಟಾಗುವ ಒಂದು ಸನ್ನಿವೇಶವನ್ನು ಇವರು ಬರೆದು, ಪುಸ್ತಕದ ಮಂದಣ್ಣನಿಗೆ ಹೊಂದುವುದಿಲ್ಲವೆಂದು ಹೊಡೆದುಹಾಕಿದ್ದಾರೆ. ನಾನು ಆ ಪುಟ ಓದಿದ್ದೇನೆ. ಇಡೀ ನೋಟ್‌ಬುಕ್ಕಿನಲ್ಲೇ ಅತಿ ಜೀವಂತವಾದ ಪುಟ ಅದು. ಇದರ ಜತೆಗೆ ಮುಗಿಸದಿರುವ ಅಭ್ಯಾಸವೂ ಇದೆ. ಪ್ರಕಾಶಕರು ಕಾಯುತ್ತಿಲ್ಲ, ಗಡುವು ಇಲ್ಲ. ಸ್ನೇಹಿತೆಯರು ಒಂದು ಅಧ್ಯಾಯ ಮೆಚ್ಚಿದರೆ ಮುಂದಿನದು ಹುಟ್ಟುತ್ತದೆ, ಅವರು ಸುಮ್ಮನಾದರೆ ತಿಂಗಳುಗಟ್ಟಲೆ ಪೆನ್ನು ಮುಚ್ಚಿಯೇ ಇರುತ್ತದೆ. ಶುರು ಮಾಡಿದ ಒಂಬತ್ತು ಅಧ್ಯಾಯಗಳಲ್ಲಿ ಮುಗಿದಿರುವುದು ನಾಲ್ಕು. ಹವ್ಯಾಸಕ್ಕೆ ಗಡುವಿನ ಹಂಗೇಕೆ, ದಣಿದ ದಿನದ ಕೊನೆಗೆ ಸಿಗುವ ಸಂತೋಷವೇ ಸಾಲದೇ ಎಂದು ಕೇಳುವವರೂ ಇದ್ದಾರೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಸುಮ್ಮನೆ ಭಜನೆಗೆ ಹೋಗಿ ಕೂತು ಹಾಡುವವರನ್ನು ನಾವು ಸಂಗೀತ ಕಚೇರಿ ಏಕೆ ಕೊಡುವುದಿಲ್ಲವೆಂದು ಕೇಳುವುದಿಲ್ಲವಲ್ಲ.

ಎಲ್ಲವನ್ನೂ ತೂಗಿ ನೋಡಿದಾಗ, ಬರೆಯಬೇಡಿ ಎನ್ನಲು ಸಾಕಷ್ಟು ಕಾರಣ ನನಗೆ ಕಾಣುವುದಿಲ್ಲ. ಮೂಲ ಯಾರದೆಂದು ಹೇಳಿ, ಮಾರಾಟಕ್ಕಿಡದೆ, ಬದುಕಿರುವ ಲೇಖಕರು ಬೇಡವೆಂದರೆ ಆ ಮಾತನ್ನು ಮನ್ನಿಸಿ ಬರೆಯುವುದಾದರೆ ಅದರಿಂದ ಆಗುವ ಹಾನಿ ಕಡಿಮೆ, ಕಲಿಕೆ ದೊಡ್ಡದು. ಆದರೆ ಎರವಲು ಪಾತ್ರವು ಬರೆಯುವವರನ್ನೇ ತಡೆಯತೊಡಗಿದ ಗಳಿಗೆಯನ್ನು ಅವರು ಗುರುತಿಸಬೇಕು, ಮತ್ತು ಆಗ ಹೊರಗೆ ಹೆಜ್ಜೆ ಇಡುವ ಧೈರ್ಯ ಮಾಡಬೇಕು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಕಳೆದ ತಿಂಗಳು ಆ ನೋಟ್‌ಬುಕ್ಕನ್ನು ಮತ್ತೊಮ್ಮೆ ನೋಡಿದೆ. ಕೊನೆಯ ಏಳು ಪುಟಗಳಲ್ಲಿ ಮಂದಣ್ಣ ಬರುವುದೇ ಇಲ್ಲ. ಹೆಂಡತಿ ಒಬ್ಬಳೇ ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆಗಳನ್ನು ಜಗಲಿಗೆ ಸಾಗಿಸುತ್ತಾಳೆ, ರಾಣಿ ನೊಣ ಇದೆಯೇ ಎಂದು ನೋಡುತ್ತಾಳೆ, ಜೇನು ಕೊಳ್ಳಲು ಬಂದವನೊಂದಿಗೆ ರೇಟಿಗಾಗಿ ವಾದ ಮಾಡುತ್ತಾಳೆ. ಎಡಗಡೆಯ ಕಾಲಂ ಪೂರ್ತಿ ಖಾಲಿ. “ಇವಳಿಗೆ ಬೇರೆ ಹೆಸರು, ಬೇರೆ ಊರು ಕೊಟ್ಟು ಬರೆದು ನೋಡಿ ಅಮ್ಮಾ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಂದಣ್ಣನ್ನ ಬಿಟ್ಟು ಬರೋಕೆ ಇನ್ನೂ ಮನಸ್ಸಾಗ್ತಿಲ್ಲ ಸಾರ್” ಎಂದರು. ಆ ರಾತ್ರಿಯೂ ಒಂದು ಪುಟ ಬರೆದಿದ್ದಾರೆ.